ಟಕ್, ಗುಂಯ್, ಟಿಂಗ್

ನಮ್ಮ ಅಡುಗೆಮನೆಯಲ್ಲಿ ಒಂದು ದುಂಡನೆಯ ಗಾಜಿನ ತಟ್ಟೆ ಇದೆ. ಅಂಚು ತುಸು ಮೇಲೆದ್ದಿದೆ. ಅಡಿಯಲ್ಲಿ, ನಟ್ಟನಡುವೆ, ಮೂರು ಗುಬುಟು. ಸಂಜೆ ಯಾರಾದರೂ ಬಂದರೆ ಹಪ್ಪಳ ಸಂಡಿಗೆ ಕರಿದು ಅದರಲ್ಲಿ ಹಾಕಿಡುತ್ತೇನೆ. ಹಪ್ಪಳ ಮುಗಿದ ಮೇಲೆ ಬಂದವರು ತಟ್ಟೆಯನ್ನು ಬೋರಲು ಮಾಡಿ ನೋಡಿ, "ಇದೇನ್ರೀ ಇದು, ಭಾರ ಐತಲ್ಲ" ಎನ್ನುತ್ತಾರೆ. "ಹಳೇದು" ಎಂದಷ್ಟೇ ಹೇಳಿ ಚಹಾ ಸೋಸಲು ಎದ್ದುಬಿಡುತ್ತೇನೆ. ನಿಮಗೆ ಅವಸರವಿಲ್ಲದಿದ್ದರೆ ನಿಮಗೆ ಮಾತ್ರ ಪೂರ್ತಿ ಹೇಳುತ್ತೇನೆ.

ಅದು ನಮ್ಮ ಹಳೆಯ ಮೈಕ್ರೋವೇವ್ ಓವನ್ನಿನ ಒಳಗೆ ತಿರುಗುತ್ತಿದ್ದ ತಟ್ಟೆ. ಓವನ್ ಹೋಯಿತು, ತಟ್ಟೆ ಉಳಿಯಿತು. ನಮ್ಮ ಕಡೆ ಹಾಗೆಯೇ. ಕೊಡ ಸೋರಿದರೆ ಅದರಲ್ಲಿ ತುಳಸಿ ನೆಡುತ್ತೇವೆ, ಸೀರೆ ಹರಿದರೆ ಕೌದಿ ಹೊಲಿಯುತ್ತೇವೆ. ಯಾವುದನ್ನೂ ಪೂರ್ತಿಯಾಗಿ ಕಳಿಸಿಕೊಡಲು ಮನಸ್ಸೇ ಬರುವುದಿಲ್ಲ.

ನಾನು ರಾಣೆಬೆನ್ನೂರಿನವಳು. ನಾನು ಬೆಳೆದ ಓಣಿಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸವಿತ್ತು. ದೀಪ ಹಚ್ಚುವ ಹೊತ್ತಿಗೆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು. ಅವ್ವ ತನ್ನ ಒಲೆಯ ಮುಂದೆ ಕೂತಲ್ಲಿಂದಲೇ ಒಂದು ಗಳಿಗೆ ಕೈ ನಿಲ್ಲಿಸಿ, ಕಿವಿಗೊಟ್ಟು, "ಇವತ್ತ ಮೂಲಿಮನಿಯಾಗ ಬೀಗರು ಬಂದಾರ ನೋಡು. ರೊಟ್ಟಿ ಮುಗೀವಲ್ಲವು" ಎನ್ನುತ್ತಿದ್ದಳು. ಬಡಿತ ಬಿರುಸಾಗಿದ್ದರೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದಿದೆ ಎಂದರ್ಥ. ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೊರಡುವ ಮೊದಲು ನಾವು ಅಂಗಳದಲ್ಲಿ ನಿಂತು ಕೇಳಬೇಕಿತ್ತು. ದೂರದಲ್ಲಿ ಗಿರಣಿಯ ಪಟ್ಟಾ ಪಟಪಟ ಎಂದರೆ ಕರೆಂಟಿದೆ, ಹೋಗಬಹುದು. ಇಲ್ಲದಿದ್ದರೆ ಡಬ್ಬಿ ಕೆಳಗಿಡು, ಲಗೋರಿ ಆಡು. ಶಾಲೆಯಲ್ಲಿ ನನಗೆ ಗಣಿತ ಹತ್ತಲಿಲ್ಲ. ಹಾಡಂತೂ ದೂರವೇ ಉಳಿಯಿತು. ಆದರೆ ಯಾವ ಮನೆಯ ಕೊಡ ಯಾವ ಕಟ್ಟೆಗೆ ತಗುಲಿತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಈ ವಿದ್ಯೆಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ ನೋಡಿ.

ಅಂಥ ಕಿವಿ ಹೊತ್ತುಕೊಂಡು ಮದುವೆಯಾಗಿ ವಿಜಯವಾಡಕ್ಕೆ ಬಂದೆ. ನಮ್ಮನೆಯವರಿಗೆ ಬ್ಯಾಂಕಿನ ಕೆಲಸ, ವರ್ಗವಾದಲ್ಲಿ ನಮ್ಮ ಊರು. ಕಾಲುವೆಯ ಪಕ್ಕದ ಬಾಡಿಗೆ ಮನೆ. ಮೇ ತಿಂಗಳಲ್ಲಿ ನಲ್ಲಿಯಲ್ಲಿ ಬರುವ ನೀರಿಗೆ ಅಕ್ಕಿ ಹಾಕಿದರೆ ಅನ್ನವಾಗಬಹುದೇನೋ ಎನ್ನುವಂಥ ಸೆಕೆ. ಒಲೆಯ ಮುಂದೆ ನಿಲ್ಲಲಾರೆ ಎಂದು ಗೊಣಗಿದ್ದಕ್ಕೆ ಇವರು ಆ ಓವನ್ ತಂದರು. ಎರಡು ದಪ್ಪ ತಿರುಗಣಿ, ಒಂದು ಗಂಟೆ, ಎಳೆದು ತೆಗೆಯುವ ಬಾಗಿಲು. ಮಗಳು ಶ್ರಾವಣಿ ಆಗ ಬಾಲವಾಡಿಯಲ್ಲಿದ್ದಳು.

ಓವನ್ನಿನ ಪೆಟ್ಟಿಗೆಯಲ್ಲಿ ಭಯವೂ ತುಂಬಿಕೊಂಡು ಬಂದಿತ್ತು. ಮನೆಯ ಓನರಮ್ಮ ಬಾಗಿಲಲ್ಲೇ ನಿಂತು, "ಕಿರಣಾಲು ವಸ್ತಾಯಂಟಮ್ಮಾ, ಜಾಗ್ರತ್ತ" ಎಂದರು. ಕಿರಣಗಳು ಬರುತ್ತವಂತೆ! ಸೂರ್ಯಕಿರಣವೇ ಸಾಕಾಗಿದ್ದ ಊರಿನಲ್ಲಿ ಇನ್ನೊಂದು. ನಾನು ತಿರುಗಣಿ ತಿರುಗಿಸಿದವಳೇ ಪಡಸಾಲೆಗೆ ಓಡುತ್ತಿದ್ದೆ, ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಮರೆಯಲ್ಲಿ ನಿಲ್ಲುತ್ತಿದ್ದೆ. ಗಂಟೆ ಬಾರಿಸಿದ ಮೇಲೂ ಕಿರಣಗಳೆಲ್ಲ ಇಳಿದು ಹೋಗಲಿ ಎಂದು ಒಂದಿಷ್ಟು ತಡೆದು ಒಳಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಹಾಲು ಆರಿರುತ್ತಿತ್ತು. ಇವರು ನಗುತ್ತಿದ್ದರು: "ಅಲ್ಲ, ಹಾಲು ಕಾಸೂದು ಅದು, ಬೆವರು ಸುರಿಸೂದು ನೀನು. ಇದಕ್ಕಿಂತ ಒಲಿನ ಛಲೋ ಇತ್ತಲ್ಲ."

ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಒಂದು ದಿನ ಎಷ್ಟು ತಿರುಗಿಸಿದರೂ ಓವನ್ ಸುಮ್ಮನೆ ಕೂತಿತ್ತು. ಪಕ್ಕದಲ್ಲಿದ್ದ ಓನರಮ್ಮ, "ತಲುಪು ಪಡಲೇದಮ್ಮಾ, ತಲುಪು!" ಎಂದರು. ನನ್ನ ತೆಲುಗು ಆಗ ತರಕಾರಿಯವನ ಗಾಡಿಯ ಮುಂದೆಯೇ ಮುಗಿಯುತ್ತಿತ್ತು. ತಲುಪಿಲ್ಲ ಎನ್ನುತ್ತಿದ್ದಾರೆ, ಕರೆಂಟು ಇನ್ನೂ ಬಂದು ತಲುಪಿಲ್ಲ ಎಂದು ತಿಳಿದೆ. "ತಲುಪ್ತೈತ್ರೀ, ತಲುಪ್ತೈತಿ" ಎಂದು ಅವರಿಗೇ ಸಮಾಧಾನ ಹೇಳಿ ಕೈಕಟ್ಟಿ ನಿಂತೆ. ಅವರೂ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಬಹಳ ಹೊತ್ತು ಮರ್ಯಾದೆಯಿಂದ ನಿಂತೆವು. ಕೊನೆಗೆ ಅವರು ಮುಂದೆ ಬಂದು ಓವನ್ನಿನ ಬಾಗಿಲನ್ನು ಅಂಗೈಯಿಂದ ಒತ್ತಿದರು. ಟಕ್ ಎಂದಿತು, ಓಡತೊಡಗಿತು. ತೆಲುಗಿನಲ್ಲಿ ತಲುಪು ಎಂದರೆ ಬಾಗಿಲು ಎಂದು ಅಂದು ಕಲಿತೆ.

ಅಂದಿನಿಂದ ಅದು ನಮ್ಮ ಮನೆಯ ಮಾತಾಯಿತು. ಓವನ್ನಿನ ಬಾಗಿಲು ಸರಿಯಾಗಿ ಕೂತಿತೇ ಎಂದು ಕೇಳಲು "ತಲುಪಿತೇನು?" ಎನ್ನುತ್ತಿದ್ದೆವು. ಶ್ರಾವಣಿ ಇದನ್ನೇ ಕೇಳಿ ಬೆಳೆದಳು. ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ತೆಲುಗು. ಕನ್ನಡ ಮನೆಯ ಚಾಪೆಯಷ್ಟೇ ಅಗಲ. ಮುಂದೆ ಇವರು ಊರಿಗೆ ಹೋಗಿ "ತಲುಪಿದೆ" ಎಂದು ಮೆಸೇಜು ಹಾಕಿದರೆ, ಅವಳು "ಅಮ್ಮಾ, ಅಪ್ಪ ಬಾಗಿಲಾಗ್ಯಾನಂತ" ಎಂದು ನಗುತ್ತಿದ್ದಳು.

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗ. ಮಧುರವಾಡದಲ್ಲಿ ಮನೆ ಮಾಡಿದೆವು. ಈ ಊರಿನ ಗಾಳಿಯಲ್ಲಿ ಉಪ್ಪಿದೆ, ಅದು ನಿಮಗೆ ಗೊತ್ತಿರಬಹುದು. ಸಮುದ್ರ ಕಣ್ಣಿಗೆ ಕಾಣದ ಮನೆಯಲ್ಲೂ ಕಿಟಕಿಯ ಸರಳು, ಗ್ಯಾಸಿನ ಸ್ಟ್ಯಾಂಡು, ಸೇಫ್ಟಿ ಪಿನ್ನು ಎಲ್ಲಕ್ಕೂ ತುಕ್ಕು. ಓವನ್ನಿನ ಬಾಗಿಲಿನ ಕೀಲೂ ಕಂದಿತು. ಆದರೂ ಅದರ ಮೂರು ಸದ್ದು ಮಾತ್ರ ಕೆಡಲಿಲ್ಲ. ಬಾಗಿಲು ಹಾಕಿದರೆ ಟಕ್. ತಿರುಗಣಿ ತಿರುಗಿಸಿದರೆ ಗುಂಯ್. ಮುಗಿದರೆ ಟಿಂಗ್. ನಾವು ಮೂವರು ತಾಟು ಹಾಕಿಕೊಂಡು ಕೂರುತ್ತಿದ್ದುದು ಆ ಟಿಂಗಿಗೇ.

ಶ್ರಾವಣಿ ಇಲ್ಲಿ ಇಂಜಿನಿಯರಿಂಗ್ ಸೇರಿದ ಮೇಲೆ ಇವರಿಗೆ ಮತ್ತೆ ವಿಜಯವಾಡಕ್ಕೇ ವರ್ಗವಾಯಿತು. ನಾವಿಬ್ಬರು ಇಲ್ಲಿ, ಅವರೊಬ್ಬರು ಅಲ್ಲಿ. "ಒಬ್ಬಗ ಇದ ಸಾಕು" ಎಂದು ಹಳೆಯ ಓವನ್ನನ್ನು ಹೊತ್ತುಕೊಂಡು ಹೋದರು. ರಜೆ ಬಂದ ಶನಿವಾರಗಳಲ್ಲಿ ಇಲ್ಲಿಗೆ ಬರುತ್ತಾರೆ. ನಾನು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತೇನೆ. ಪಲ್ಯ ಎರಡು ದಿನ ಬಂದರೆ ಹೆಚ್ಚು. ಉಳಿದ ದಿನ ಬೆಳಿಗ್ಗೆಯೇ ಅನ್ನ ಸಾರು ಮಾಡಿಟ್ಟು, ಸಂಜೆ ಬಿಸಿ ಮಾಡಿಕೊಂಡು ಉಣ್ಣುತ್ತೇನೆ ಎಂದಿದ್ದರು.

ಗಂಡ ಉಣ್ಣುವ ತನಕ ಕಾಯುವ ಪತಿವ್ರತೆಯೇನಲ್ಲ ನಾನು. ಮಧ್ಯಾಹ್ನ ಯಾರನ್ನೂ ಕೇಳದೆ ಉಣ್ಣುತ್ತೇನೆ, ನಾಲ್ಕು ಗಂಟೆಗೆ ಚೂಡಾ ತಿನ್ನುತ್ತೇನೆ. ಮಗಳು ಕಾಲೇಜಿನಿಂದ ಬಂದು ತನ್ನ ತಾಟು ಹಿಡಿದು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಆದರೆ ಸಂಜೆಯ ಊಟಕ್ಕೆ ಒಬ್ಬಳೇ ತಾಟು ಹಾಕಿಕೊಳ್ಳುವುದು ನನಗೆ ಆಗಿಬರಲಿಲ್ಲ. ಎರಡು ತಾಟು ತೆಗೆದು ಒಂದನ್ನು ಒಳಗಿಡುವಷ್ಟರಲ್ಲಿ ಹಸಿವೆ ಎಲ್ಲಿಗೋ ಹೋಗಿರುತ್ತಿತ್ತು. ಮಜ್ಜಿಗೆ ಕುಡಿದು ಏಳುತ್ತಿದ್ದೆ. ಅದಕ್ಕೇ ನಮ್ಮಲ್ಲಿ ಒಂದು ರೂಢಿ ಬಿತ್ತು. ಇವರು ಫೋನನ್ನು ಸ್ಪೀಕರಿಗೆ ಹಾಕಿ ಅಲ್ಲಿ ಕಟ್ಟೆಯ ಮೇಲಿಡುವುದು. ಟಕ್. ಗುಂಯ್. ಟಿಂಗ್. "ಹಾಂ, ಕುಂತೆ, ನೀನೂ ಕೂಡು" ಎನ್ನುವುದು. ಆಗ ನಾನೂ ಅನ್ನ ಬಡಿಸಿಕೊಳ್ಳುವುದು. ನಡುವೆ ಗೋದಾವರಿಯೇ ಹರಿಯುತ್ತಿದ್ದರೂ ಆ ಟಿಂಗು ಕೇಳಿದರೆ ಅವರು ಎದುರಿಗೆ ಕೂತು ಅನ್ನಕ್ಕೆ ಗುಂಡಿ ಮಾಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು. ಅದೇನು ಹುಚ್ಚೋ. ಇಬ್ಬರೂ ಮಾತಾಡುತ್ತಲೂ ಇರಲಿಲ್ಲ. "ಸಾರಿಗೆ ಉಪ್ಪು ಕಮ್ಮಿ ಬಿದ್ದೈತಿ" ಎಂದು ಅವರು, "ನನ್ನ ಸಾರು ಸರಿ ಐತಿ" ಎಂದು ನಾನು. ಅಷ್ಟೇ.

ಒಂದು ಸಂಜೆ ಸದ್ದಿನ ಸಾಲು ತಪ್ಪಿತು. ಗುಂಯ್ ಎನ್ನುತ್ತಿತ್ತು. ನಡುವೆಯೇ ಟಕ್ ಎಂದಿತು. ಲೋಟ ತೆಗೆದಿಟ್ಟಂತೆ ಟಣ್ ಎಂದಿತು. ಆದರೂ ಗುಂಯ್ ನಿಲ್ಲಲಿಲ್ಲ.

"ರೀ, ಬಾಗಲಾ ತಗದ್ರೇನು?"

"ಹೂಂ. ಯಾಕ?"

"ಮತ್ತ ಅದು ಗುಂಯ್ ಅನ್ನಾಕತ್ತೈತಲ್ಲ!"

"ಫ್ಯಾನಿಂದು ಅದು."

"ಫ್ಯಾನು ಗರ್‌ಗರ್ ಅಂತೈತಿ. ನನಗ ಗೊತ್ತಿಲ್ಲೇನು?"

ಇವರು ನಕ್ಕು, ಹೆಮ್ಮೆಯಿಂದಲೇ ಹೇಳಿದರು: "ಏನ್ ಕಿವಿ ಮಾರಾಯ್ತಿ! ಬಾಗಲಾ ಕುಂಡ್ರವಲ್ಲದಾಗಿತ್ತು, ಕುಂಡ್ರದಿದ್ರ ಅದು ಸುರುನ ಆಗೂದಿಲ್ಲ. ಮೆಕ್ಯಾನಿಕ್ ಬಂದು ಡೈರೆಕ್ಟ್ ಮಾಡಿಕೊಟ್ಟಾನ. ಈಗ ಮಸ್ತ್. ಬಾಗಲಾ ಹಾಕಿದ್ರೂ ನಡೀತೈತಿ, ತಗದ್ರೂ ನಡೀತೈತಿ."

ಒಳಗಿನಿಂದ ಶ್ರಾವಣಿ ಓಡಿ ಬಂದು ಫೋನು ಕಸಿದುಕೊಂಡಳು. "ಅಪ್ಪಾ, ಪ್ಲಗ್ ತೀಸೇಯ್! ಇಪ್ಪುಡೇ! ಅದರ ಮುಂದ ನಿಂದರಬ್ಯಾಡ, ಪಕ್ಕಕ್ಕ ಹೋಗು!" ಪ್ಲಗ್ ಕಿತ್ತುಬಿಡು, ಈಗಲೇ ಎಂದು. ಗಾಬರಿಯಾದರೆ ಅವಳ ಬಾಯಿಗೆ ತೆಲುಗೇ ಮೊದಲು ಬರುವುದು.

ಆಮೇಲೆ ನನ್ನನ್ನು ಕೂರಿಸಿ ಪಾಠ ಹೇಳಿದಳು. ನಾನು ಗೋಡೆಯ ಮರೆಯಲ್ಲಿ ಅಡಗುತ್ತಿದ್ದ ಕಾಲದಲ್ಲಿ ಅದರಿಂದ ಭಯವೇ ಇರಲಿಲ್ಲವಂತೆ. ಬಾಗಿಲಿನ ಅಂಚಿನೊಳಗೆ ಒಂದರ ಹಿಂದೆ ಒಂದು ಪುಟ್ಟ ಸ್ವಿಚ್ಚುಗಳಿರುತ್ತವೆ. ಬಾಗಿಲು ಪೂರ್ತಿ ಕೂತರೆ ಮಾತ್ರ ಅವು ಓಡಲು ಬಿಡುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ತಡೆಯುತ್ತದೆ, ಎರಡೂ ಕೈಕೊಟ್ಟರೆ ಮತ್ತೊಂದು ಫ್ಯೂಸನ್ನೇ ಸುಟ್ಟು ಎಲ್ಲವನ್ನೂ ನಿಲ್ಲಿಸುತ್ತದೆ. ಓವನ್ ಹಳೆಯದಾಯಿತು ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ಬಾಗಿಲು, ಕೀಲು, ಬೀಗ ನೆಟ್ಟಗಿದ್ದರೆ ಸರಿ. ಮೆಕ್ಯಾನಿಕ್ ಡೈರೆಕ್ಟ್ ಮಾಡಿದ್ದೆಂದರೆ ಆ ಸ್ವಿಚ್ಚುಗಳನ್ನೆಲ್ಲ ಬದಿಗಿಟ್ಟು ವೈರು ಜೋಡಿಸಿದ್ದಂತೆ.

"ಎಕ್ಸ್‌ರೇ ಥರ ಅಲ್ಲಮ್ಮಾ, ಬರೇ ಬಿಸಿ ಮಾಡತೈತಿ. ಆಫ್ ಆದ್ರ ಏನೂ ಉಳಿಯೂದಿಲ್ಲ. ಆದ್ರ ಓಡೂವಾಗ ಬಾಗಿಲು ತಗದ್ರ, ನೀರು ಕಾಸಿದಂಗ ಮನಿಷ್ಯಾನ್ನೂ ಕಾಸತೈತಿ. ಕಣ್ಣಿಗೆ ಭಾಳ ಕೆಟ್ಟದ್ದು. ಅಪ್ಪಗ ಗೊತ್ತೂ ಆಗೂದಿಲ್ಲ."

ನನ್ನ ಊಟ ಅಂದು ಮಜ್ಜಿಗೆಗೇ ಮುಗಿಯಿತು. ಕನ್ನಡಕದ ಹಿಂದಿನ ಇವರ ಕಣ್ಣು, ಬೆಳಿಗ್ಗೆ ಪೇಪರು ಓದುವಾಗ ಕಿರಿದು ಮಾಡಿಕೊಳ್ಳುವ ಆ ಕಣ್ಣು, ಅದೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಪ್ಲಗ್ ತೆಗೆದಿದ್ದೇನೆ ಎಂದರು. ಮರುದಿನ ಸಂಜೆ ಫೋನು ಬಂತು. ಹಿಂದೆ ಮತ್ತೆ ಗುಂಯ್.

"ಪ್ಲಗ್ ತಗದೀನಿ ಅಂದಿದ್ರಿ!"

"ತಗದಿದ್ದೆ. ಮತ್ತ ಹಾಕೀನಿ. ನೀ ಹೆದರಬ್ಯಾಡ, ಟಿಂಗ್ ಅನ್ನೂತನಾ ಬಾಗಲಾ ಕೈಲೆ ಗಟ್ಟಿ ಒತ್ತಿ ಹಿಡದಿರತೀನಿ."

"ಕೈಲೆ ಹಿಡದು? ಮಾರಿ ಅದರ ಮುಂದ ಇಟ್ಟುಕೊಂಡು?"

"ಮತ್ತ ಬೆನ್ನಿಲೆ ಹಿಡೀಲ್ಯಾ?"

ನಗು ಬರುವ ಮಾತೇ, ಆದರೆ ನನಗೆ ಬರಲಿಲ್ಲ. ನಮ್ಮನೆಯವರು ಹಟಮಾರಿಯಲ್ಲ. ಒಂದು ಸಹಿ ಹಾಕುವ ಮೊದಲು ಎರಡು ಸಲ ಓದುವ ಮನುಷ್ಯ. ಗ್ಯಾಸು ಆರಿಸಿ ಮತ್ತೆ ಬಂದು ನೋಡುವವರು. ಅಂಥವರು ತಣ್ಣನೆಯ ಅನ್ನ ಉಣ್ಣಲಾರದೆ ಕಣ್ಣು ಒಡ್ಡಿ ನಿಲ್ಲುತ್ತಾರೆಂದರೆ? ಒಲೆಯ ಮೇಲೆ ಬಿಸಿ ಮಾಡಿಕೊಳ್ಳಬಾರದೇ? ಕೇಳಿದರೆ "ಅದು ಬ್ಯಾರೆ, ಇದು ಬ್ಯಾರೆ" ಎಂದು ಮಾತು ತಿರುಗಿಸಿದರು. ಮರುದಿನ ಬೆಳಗಿನ ರೈಲು ಹತ್ತಿದೆ. ತುನಿ ದಾಟಿತು, ರಾಜಮಂಡ್ರಿಯ ಸೇತುವೆ ದಾಟಿತು. ದಾರಿಯುದ್ದಕ್ಕೂ ಹೇಗೆ ಬಯ್ಯಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಗೋದಾವರಿಯ ಮೇಲೆ ಹೋಗುವಾಗ ಬೈಗುಳವೆಲ್ಲ ಮರೆತು ಹೊಳೆ ನೋಡಿದೆ. ಮತ್ತೆ ಮೊದಲಿನಿಂದ ಜೋಡಿಸಿದೆ.

ವಿಜಯವಾಡದ ಮನೆಯ ಇನ್ನೊಂದು ಕೀಲಿ ನನ್ನಲ್ಲೇ ಇತ್ತು. ಮನೆ ಹೂಡಿಕೊಡಲು ಬಂದಿದ್ದಾಗ ಕೆಳಗೆ ಜೆರಾಕ್ಸ್ ಅಂಗಡಿ ಇತ್ತು, ಈಗ ಅಲ್ಲಿ ಒಂದು ಮೆಸ್ಸು. ಮಹಡಿ ಹತ್ತಿ ಬಾಗಿಲು ತೆಗೆದೆ. ಅಡುಗೆಮನೆಗೆ ಹೋಗಿ ಮೊದಲು ಪ್ಲಗ್ ಕಿತ್ತೆ. ಆಮೇಲೆ ಸುತ್ತ ನೋಡಿದೆ. ಒಲೆಯ ಮೇಲೆ ತೆಳ್ಳಗೆ ಧೂಳು. ಅಕ್ಕಿ ಡಬ್ಬಿಯಲ್ಲಿ ಹುಳು. ತೊಳೆದಿಟ್ಟ ತಾಟಿಲ್ಲ, ಸಾರಿನ ಪಾತ್ರೆಯಿಲ್ಲ, ನಾನು ಕೊಟ್ಟ ಚಟ್ನಿಪುಡಿಯ ಡಬ್ಬಿಯೂ ಇಲ್ಲ. ಓವನ್ ತೆರೆದರೆ ಒಳಗೆ ಒಂದು ಗಾಜಿನ ಲೋಟ, ಅದರ ತುಂಬ ನೀರು. ಬರೀ ನೀರು.

ನೀರು ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿದೆ.

ಇವರು ಬ್ಯಾಂಕಿನಿಂದ ಬಂದಾಗ ಹೊರಗೆ ದೀಪ ಹತ್ತಿದ್ದವು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತರು. "ಏ ಗಿರಿಜಾ! ನೀ ಯಾವಾಗ ಬಂದಿ? ಯಾಕ ಬಂದಿ?"

"ನೀವು ದಿನಾ ನೀರು ಕಾಸಿಕೊಂಡು ಉಣ್ತೀರಂತಲ್ಲ, ಆ ಊಟಕ್ಕ ಬಂದೆ."

ಅವರು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಒಂದು ಕೂಗು ಬಂತು: "ಸಾರ್! ಈರೋಜು ಆಲಸ್ಯಮಯ್ಯಿಂದೇಂಟಿ? ಪಪ್ಪು ಐಪೋತುಂದಿ!" ಇವತ್ತು ಯಾಕೆ ತಡ, ತೊವ್ವೆ ಮುಗಿದುಹೋಗುತ್ತದೆ ಎಂದು. ಇವರ ಮುಖ ನೋಡಬೇಕಿತ್ತು ನೀವು.

ಇಬ್ಬರೂ ಇಳಿದು ಹೋದೆವು. ಮೆಸ್ಸಿನ ಅಮ್ಮ ನನ್ನ ವಯಸ್ಸಿನವರೇ. ಮಂಗಳಗಿರಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕೈಯಲ್ಲಿ ಸೌಟು ಹಿಡಿದಿದ್ದರು. ನನ್ನನ್ನು ಕಂಡದ್ದೇ ತಡ, "ಅಮ್ಮಯ್ಯ! ಇನ್ನಾಳ್ಳಕಿ ಕಿಂದಕಿ ದಿಗಾರಾ! ಒಂಟ್ಲೋ ಎಲಾ ಉಂದಮ್ಮಾ?" ಎಂದರು. ಅಂತೂ ಇಷ್ಟು ದಿನಕ್ಕೆ ಕೆಳಗೆ ಇಳಿದಿರಾ, ಮೈಯಲ್ಲಿ ಹೇಗಿದೆ ಎಂದು. ನಾನು ಎಲ್ಲಿಂದ ಇಳಿಯಬೇಕು? ನನ್ನ ತೆಲುಗು ಈಗ ಸಾಕಷ್ಟು ಬೆಳೆದಿದ್ದರೂ ಅರ್ಥವಾಗಲಿಲ್ಲ.

ಅವರೇ ಬಡಿಸುತ್ತ ಬಡಿಸುತ್ತ ಹೇಳಿದರು. ಸಾರ್ ದಿನವೂ ಎಲ್ಲರಿಗಿಂತ ಮೊದಲು ಬಂದು, ಬಿಸಿ ಬಿಸಿ ನುಂಗಿ, ಕೈ ತೊಳೆದು ಮೇಲಕ್ಕೆ ಓಡುತ್ತಾರೆ. ಯಾಕಿಷ್ಟು ಅವಸರ ಎಂದರೆ, "ಇಂಟ್ಲೋ ಆವಿಡ ತಿನಾಲಿ" ಎನ್ನುತ್ತಾರೆ. ಮನೆಯಲ್ಲಿ ಆಕೆ ಉಣ್ಣಬೇಕು. ಪಾಪ, ಮೇಲೆ ಹೆಂಡತಿಗೆ ಹುಷಾರಿಲ್ಲ, ಇಳಿಯಲು ಆಗುವುದಿಲ್ಲ, ಇವರು ಹೋಗಿ ಉಣ್ಣಿಸಬೇಕು ಎಂದೇ ಅವರು ತಿಳಿದಿದ್ದರು. "ನೇನೇ ಓಸಾರಿ ಪೈಕಿ ವಚ್ಚಿ ಚೂದ್ದಾಮನುಕುನ್ನಾ. ಮೀ ಪಲ್ಲೀಲ ಪೊಡಿ ಮಾತ್ರಂ ಅದಿರಿಂದಮ್ಮಾ!" ತಾವೇ ಒಮ್ಮೆ ಮೇಲೆ ಬಂದು ನನ್ನನ್ನು ನೋಡಬೇಕೆಂದಿದ್ದರಂತೆ. ಶೇಂಗಾ ಪುಡಿಯನ್ನಂತೂ ಬಾಯಿ ತುಂಬ ಹೊಗಳಿದರು. ನನ್ನ ಡಬ್ಬಿ ಅಲ್ಲಿ, ಉಪ್ಪಿನಕಾಯಿಯ ಪಕ್ಕದಲ್ಲಿ, ಎಲ್ಲರ ಕೈಗೂ ಸಿಗುವಂತೆ ಕೂತಿತ್ತು.

ಇವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ, "ಮೆಸ್ಸಿನ್ಯಾಗ ಉಂಡೆ ಅಂದ್ರ ನಾ ಬಯ್ತಿದ್ನೇನು?"

"ಬಯ್ತಿದ್ದಿಲ್ಲ. ಒಮ್ಮಿ ಇಲ್ಲಿಂದನ ಫೋನ್ ಮಾಡಿದ್ದೆ, ನೆನಪೈತೇನು? ಗದ್ದಲ ಕೇಳಿ 'ಉಂಡು ಬರ್ರಿ, ಮನಿಗೆ ಹೋಗಿ ಮಾಡ್ರಿ' ಅಂದು ಇಟ್ಟಿ. ಮನಿಗೆ ಹೋಗಿ ಮಾಡಿದ್ರ ನೀ ಎತ್ತಲಿಲ್ಲ. ಮಜ್ಜಿಗಿ ಕುಡದು ಮಲಗ್ಯಾಳ ಅಂತ ಶ್ರಾವಣಿ ಹೇಳಿದ್ಲು."

"ಅದಕ್ಕ?"

"ಅದಕ್ಕೇನು? ಟಿಂಗ್ ಅನ್ನಲಿಲ್ಲ ಅಂದ್ರ ನೀ ಉಣ್ಣೂದಿಲ್ಲಲ್ಲ."

ಬಾಗಿಲು ಕೂರದೆ ಓವನ್ ನಿಂತುಹೋದ ದಿನ ಅವರಿಗೆ ಗಾಬರಿಯಾದದ್ದು ತಮ್ಮ ಊಟಕ್ಕಲ್ಲ. ಅದಾಗಲೇ ಮುಗಿದಿತ್ತು. ರೈಲಿನುದ್ದಕ್ಕೂ ಜೋಡಿಸಿಕೊಂಡು ಬಂದದ್ದರಲ್ಲಿ ಒಂದು ಅಕ್ಷರವೂ ನನಗೆ ನೆನಪಾಗಲಿಲ್ಲ. ತಾಟಿನಲ್ಲಿದ್ದ ತೊವ್ವೆ ಖಾರವಾಗಿತ್ತು, ಕಣ್ಣೊರೆಸಿಕೊಳ್ಳಲು ಅನುಕೂಲವಾಯಿತು.

ಮರುದಿನ ಓವನ್ನನ್ನು ಕಳಿಸಿದೆವು. ಬಿಚ್ಚಿ ನೋಡುವ ಗೋಜಿಗೆ ಹೋಗಬೇಡಿ, ಪ್ಲಗ್ ತೆಗೆದರೂ ಒಳಗೆ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ ಎಂದು ಶ್ರಾವಣಿ ಫೋನಿನಲ್ಲಿ ಎಚ್ಚರಿಸಿದಳು. ಬೇರೆ ಯಾರೋ ಪಾಪದವರು ಒಯ್ದು ಹಚ್ಚಿಕೊಳ್ಳದಿರಲೆಂದು ಇವರು ಅದರ ವೈರನ್ನು ಬುಡಕ್ಕೇ ಕತ್ತರಿಸಿದರು. ಹಳೆಯ ಕರೆಂಟಿನ ಸಾಮಾನು ಒಯ್ಯುವವರು ಗಾಡಿಗೆ ಹೇರುವಾಗ ಬಾಗಿಲು ತಾನೇ ತೆರೆದುಕೊಂಡು ಜೋತು ಬಿತ್ತು. ನಾನು ಕೈ ಹಾಕಿ ಗಾಜಿನ ತಟ್ಟೆಯನ್ನಷ್ಟು ತೆಗೆದುಕೊಂಡೆ. "ಶ್ರಾವಣಿ ಕಾಲೇಜು ಸೇರೂ ಮೊದಲ ಬೆಂಗಳೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ರ ಇಬ್ಬರೂ ಒಂದ ಕಡೆ ಇರಬೌದಿತ್ತು" ಎಂದರು ಇವರು, ಯಾವಾಗಲೂ ಅನ್ನುವಂತೆ. "ಹೂಂ" ಎಂದೆ ನಾನು, ಯಾವಾಗಲೂ ಅನ್ನುವಂತೆ. ಸಂಜೆಯ ರೈಲಿಗೆ ಹತ್ತಿಸಿದರು. ರೈಲು ಬಿಟ್ಟ ಮೇಲೂ ಪ್ಲಾಟ್‌ಫಾರಮ್ಮಿನಲ್ಲಿ ನಾಲ್ಕು ಹೆಜ್ಜೆ ನಡೆದು ಬಂದರು, ಹೊಸದಾಗಿ ಮದುವೆಯಾದವರ ಹಾಗೆ.

ಈಗ ನಾನು ಬೇಗ ಉಣ್ಣುತ್ತೇನೆ, ಮೆಸ್ಸಿನ ಹೊತ್ತಿಗೆ. ಆಕಾಶ ಇನ್ನೂ ಪೂರ್ತಿ ಕಪ್ಪಾಗಿರುವುದಿಲ್ಲ. ಶ್ರಾವಣಿ "ಇಷ್ಟು ಲಗೂ ಏನಮ್ಮಾ?" ಎಂದು ಹುಬ್ಬೇರಿಸುತ್ತಾಳೆ. ಇವರು ಫೋನನ್ನು ಮೆಸ್ಸಿನ ಮೇಜಿನ ಮೇಲಿಡುತ್ತಾರೆ. ಬೆಂಚು ಎಳೆಯುವ ಸದ್ದು, ನೀರಿನ ಜಗ್ಗು, ಯಾರೋ ಹಪ್ಪಳ ಮುರಿಯುವುದು. ಮೊದಮೊದಲು ಆ ಗದ್ದಲದಲ್ಲಿ ಇವರ ಊಟ ಯಾವುದು ಎಂದು ತಿಳಿಯದೆ ಕಿವಿ ಸೋಲುತ್ತಿತ್ತು. ಈಗ ಇವರು ಅನ್ನದ ಮೇಲೆ ಸಾರು ಹಾಕಿಸಿಕೊಂಡು ಬೆರಳಿನಿಂದ ತಾಟಿಗೆ ಒಮ್ಮೆ ತಟ್ಟುವುದು ಕೇಳುತ್ತದೆ. ನಾನೂ ಕಲಸುತ್ತೇನೆ.

ನಿನ್ನೆ ಮೆಸ್ಸಿನ ಅಮ್ಮ ಫೋನಿಗೆ ಬಾಗಿ ದೂರು ಹೇಳಿದರು: "ಅಮ್ಮಾ, ಸಾರ್ ಮಜ್ಜಿಗ ವದ್ದಂಟುನ್ನಾರು." ಇವರು ಮಜ್ಜಿಗೆ ಬೇಡ ಎನ್ನುತ್ತಿದ್ದಾರಂತೆ.

"ಪೊಯ್ಯಂಡಿ" ಎಂದೆ. ಸುರಿಯಿರಿ. ಸುರಿದರು. ಇವರು "ಏ, ಸಾಕು ಸಾಕು" ಎಂದದ್ದು ಕೇಳಿಸಿತು.

ನಾನು ಮೇಲಿನ ಮನೆಯಲ್ಲಿಲ್ಲ, ಎಷ್ಟೋ ದೂರದ ವಿಶಾಖಪಟ್ಟಣದಲ್ಲಿದ್ದೇನೆ ಎಂಬುದು ಈಗ ಆಕೆಗೆ ಚೆನ್ನಾಗಿ ಗೊತ್ತು. ನಾನೇ ಹೇಳಿದ್ದೇನೆ. ಆದರೂ ಫೋನು ಇಡುವ ಮೊದಲು, ಸೌಟಿನ ಸದ್ದಿನ ನಡುವೆ, ಮಹಡಿಯ ಕಡೆಗೆ ಕೂಗಿದಂತೆಯೇ ಕೇಳಿದರು:

"ಅಮ್ಮಾ, ಕಿಂದಕಿ ಎಪ್ಪುಡು ದಿಗುತಾರು?"

ಕೆಳಗೆ ಯಾವಾಗ ಇಳಿಯುತ್ತೀರಿ? ಬಾಯಲ್ಲಿ ಅನ್ನವಿತ್ತು. ನುಂಗಿ, "ಇದಿಗೋ, ವಸ್ತುನ್ನಾ" ಎಂದೆ. ಇಗೋ, ಬಂದೆ.